ಚುಕ್ಕಿ ಜಾಸ್ತಿ ಇಟ್ಟರೆ ಹಾಡು ಚೆಂದವಾಗುತ್ತಾ?

ಸ್ನೇಹಿತನ ಮನೆಗೆ ಹೊಸ ಡ್ಯಾಕ್ ಬಂದಿತ್ತು. ಡಿಜಿಟಲ್ ಅಂಕಿಗಳನ್ನು ಮತ್ತೆ ಅಲೆಯಾಗಿಸುವ ಪುಟ್ಟ ಡಬ್ಬಿ. ಅದರಲ್ಲಿ ಅಪ್‌ಸ್ಯಾಂಪ್ಲಿಂಗ್ ಅಂತ ಒಂದು ಗುಂಡಿ. ಒತ್ತಿ, ‘ಈಗ ಕೇಳು, ವೀಣೆ ತಂತಿ ಕಣ್ಣಿಗೇ ಕಾಣುತ್ತೆ’ ಅಂದ. ನಾನೂ ತಲೆದೂಗಿದೆ. ಆಮೇಲೆ ನೋಡಿದರೆ ಗುಂಡಿ ಆಫ್ ಆಗಿತ್ತು!

ಜಾಹೀರಾತುಗಳಲ್ಲಿ ಎಡಗಡೆ ಮೆಟ್ಟಿಲು ಮೆಟ್ಟಿಲಾದ ಅಲೆ, ಬಲಗಡೆ ನುಣುಪಾದ ಅಲೆ ತೋರಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಸಿಡಿಯಲ್ಲಿ ಮೆಟ್ಟಿಲೇ ಇಲ್ಲ. ಸೆಕೆಂಡಿಗೆ 44,100 ಚುಕ್ಕಿಗಳಿವೆ, ಅಷ್ಟೆ. ಒಂದೊಂದು ಚುಕ್ಕಿಯೂ ಆ ಕ್ಷಣದಲ್ಲಿ ಅಲೆ ಎಷ್ಟು ಎತ್ತರದಲ್ಲಿತ್ತು ಅನ್ನುವ ಅಳತೆ. ಸದ್ದು 22,050 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಕೆಳಗಿದ್ದರೆ ಆ ಚುಕ್ಕಿಗಳ ಮೂಲಕ ಹಾಯುವ ಅಲೆ ಒಂದೇ ಒಂದು. ಸೋವಿಯತ್ ನಾಡಿನ ಕೊಟೆಲ್ನಿಕೊವ್ 1933ರಲ್ಲಿ, ಅಮೆರಿಕದ ಶಾನನ್ 1949ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ರಂಗೋಲಿಯಲ್ಲಾದರೆ ಅದೇ ಚುಕ್ಕಿಗಳಿಗೆ ಹತ್ತು ಥರ ಎಳೆ ಎಳೆಯಬಹುದು. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಅಪ್‌ಸ್ಯಾಂಪ್ಲಿಂಗ್ ಅಂದರೆ ಆ ಒಂದೇ ಎಳೆಯ ಮೇಲೆ ಇನ್ನಷ್ಟು ಚುಕ್ಕಿ ಇಡುವುದು. ಮಜ್ಜಿಗೆಗೆ ನೀರು ಹೊಯ್ದರೆ ಲೋಟ ಜಾಸ್ತಿ ತುಂಬುತ್ತವೆ, ಬೆಣ್ಣೆ ಜಾಸ್ತಿ ಬರುವುದಿಲ್ಲ, ಅಲ್ವಾ?

ಹಾಗಂತ ಇದು ಬರೀ ಬುರುಡೆಯೂ ಅಲ್ಲ. ಚುಕ್ಕಿಗಳು ಅಲೆಯಾಗುವಾಗ ಹಾಡಿನ ನೆರಳುಗಳೂ ಹುಟ್ಟುತ್ತವೆ. 20,000 ಹರ್ಟ್ಸ್ ಸದ್ದಿನ ನೆರಳು 24,100ರಲ್ಲಿ, ಪಕ್ಕದಲ್ಲೇ. ಅಸಲನ್ನು ಬಿಟ್ಟು ನೆರಳನ್ನಷ್ಟೇ ತಡೆಯಬೇಕು. ರಾಗಿಯಲ್ಲಿ ರಾಗಿ ಗಾತ್ರದ್ದೇ ಕಲ್ಲು. ಯಾವ ಜರಡಿ ತರುವುದು? 1982ರಲ್ಲಿ ಸೋನಿಯ ಸಿಡಿ ಪ್ಲೇಯರ್ ಸಿಡಿಪಿ-101 ಕಡಿದಾದ ಅನಲಾಗ್ ಫಿಲ್ಟರನ್ನೇ, ಅಂದರೆ ಬಿಡಿಭಾಗಗಳಿಂದ ಕಟ್ಟಿದ ಜರಡಿಯನ್ನೇ, ನಂಬಿತು. ಫಿಲಿಪ್ಸ್ ಬಳಿ ಇದ್ದದ್ದು 14 ಬಿಟ್ ಚಿಪ್, ಸಿಡಿಗೆ ಒಪ್ಪಂದವಾದದ್ದು 16 ಬಿಟ್. ಬಿಟ್ ಜಾಸ್ತಿಯಾದಷ್ಟೂ ಚುಕ್ಕಿಯ ಎತ್ತರದ ಅಳತೆ ನಯ, ಕಡಿಮೆಯಾದರೆ ಒರಟು, ಗದ್ದಲ ಜಾಸ್ತಿ. ಅವರು ಚುಕ್ಕಿಗಳನ್ನು ನಾಲ್ಕು ಪಟ್ಟು ಮಾಡಿ 1,76,400ಕ್ಕೆ ಏರಿಸಿದರು. ಕಷ್ಟದ ಜರಡಿ ಕೆಲಸ ಲೆಕ್ಕದಲ್ಲೇ ಮುಗಿಯಿತು. ಉಳಿದ ನೆರಳು 1,56,400ರ ಆಚೆ ಓಡಿತು. ಕಲ್ಲು ಈಗ ತೆಂಗಿನಕಾಯಿ ಗಾತ್ರ, ಕೈಯಲ್ಲೇ ಆರಿಸಬಹುದು! ಜೊತೆಗೆ ಆ ಒರಟು ಅಳತೆಯ ಗದ್ದಲವನ್ನು ಕಿವಿಗೆ ಕೇಳದ ಕಡೆ ತಳ್ಳಿ, 14 ಬಿಟ್‌ನಿಂದ 16ರ ಕೆಲಸ ತೆಗೆದರು. ಈ ಜಾಣತನ ನೆನೆದರೆ ನನಗೆ ಇಂದಿಗೂ ಖುಷಿ.

ಇವತ್ತಿನ ಬಹುತೇಕ ಡ್ಯಾಕ್ ಚಿಪ್‌ಗಳು ಇದನ್ನು ಒಳಗೊಳಗೇ, ಎಂಟು ಪಟ್ಟೋ ಇನ್ನೂ ಜಾಸ್ತಿಯೋ, ಸುಮ್ನೆ ಮಾಡಿಕೊಳ್ಳುತ್ತವೆ. ಹೊರಗಿನ ಗುಂಡಿ ಜರಡಿ ಹಿಡಿದ ರಾಗಿಯನ್ನೇ ಇನ್ನೊಮ್ಮೆ ಜರಡಿ ಹಿಡಿಯುತ್ತದೆ. ಎರಡನೇ ಜರಡಿಯ ಕಣ್ಣು ಬೇರೆಯಾಗಿದ್ದರೆ ಸದ್ದಿನಲ್ಲಿ ತುಸು ವ್ಯತ್ಯಾಸ ಬಂದೀತು. ಅದು ಹೊಸ ರಾಗಿಯಂತೂ ಅಲ್ಲ.

ಇಷ್ಟೆಲ್ಲ ಹೇಳಿ, ಸ್ಪೀಕರನ್ನು ಗೋಡೆ ಮೂಲೆಯಿಂದ ಎರಡಡಿ ಮುಂದೆ ಎಳಿ, ವ್ಯತ್ಯಾಸ ನಿಜವಾಗಿ ಕೇಳುತ್ತೆ ಅಂದೆ. ‘ಅಲ್ಲಿ ಸೋಫಾ ಇದೆಯಲ್ಲ’ ಅಂದ ಸ್ನೇಹಿತ, ಗುಂಡಿ ಒತ್ತುತ್ತಾ.