ಚಿತ್ರದುರ್ಗದ್ದು ಆಕಾಶವಾಣಿಯೋ, ಎಫ್‌ಎಮ್ಮೋ?

ಪ್ರಶ್ನೆ: ಚಿತ್ರದುರ್ಗ ಕೇಂದ್ರವು ಎಫ್‌ಎಂ ಆಗಿದ್ದರೆ ಅದರಲ್ಲಿ ವಾರ್ತೆ, ಕೃಷಿ ಕಾರ್ಯಕ್ರಮಗಳು ಏಕೆ ಬರುತ್ತವೆ? ಆಕಾಶವಾಣಿಯಾಗಿದ್ದರೆ ಮೊಬೈಲಿನ ಎಫ್‌ಎಂನಲ್ಲಿ ಹೇಗೆ ಸಿಗುತ್ತದೆ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಅದು ಆಕಾಶವಾಣಿಯೂ ಹೌದು, ಎಫ್‌ಎಂ ಕೂಡ ಹೌದು. ಇದನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೆ ಎಂಬ ಲೆಕ್ಕವನ್ನು ಬಿಟ್ಟುಬಿಟ್ಟಿದ್ದೇನೆ. ಆಕಾಶವಾಣಿ ಎಂಬುದು ಪ್ರಸಾರ ಮಾಡುವವರ ಹೆಸರು. ಎಫ್‌ಎಂ ಎಂಬುದು ಪ್ರಸಾರವಾಗುವ ವಿಧಾನದ ಹೆಸರು. ಇವೆರಡರಲ್ಲಿ ಯಾವುದು ಎಂದು ಕೇಳುವುದು, ನೀವು ಹರಿಹರಕ್ಕೆ ಬಂದದ್ದು ಸರ್ಕಾರಿ ಬಸ್ಸಿನಲ್ಲೋ ಹೆದ್ದಾರಿಯಲ್ಲೋ ಎಂದು ಕೇಳಿದಂತೆ. ಧ್ವನಿಯನ್ನು ಹೊತ್ತೊಯ್ಯುವ ವಾಹಕ ತರಂಗದ ಆವರ್ತನವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದನ್ನು, ಧ್ವನಿಗೆ ತಕ್ಕಂತೆ ಬದಲಿಸಿದರೆ ಎಫ್‌ಎಂ. ಆವರ್ತನವನ್ನು ಹಾಗೆಯೇ ಉಳಿಸಿ ತರಂಗದ ಎತ್ತರವನ್ನು ಬದಲಿಸಿದರೆ, ಭದ್ರಾವತಿ ಕೇಂದ್ರದ 675 ಕಿಲೋಹರ್ಟ್ಸ್ ಮಧ್ಯಮ ತರಂಗದಂತೆ, ಎಎಂ. ಸಿಡಿಲು ಮಿಂಚಿನ ಗದ್ದಲವು ಕೆಡಿಸುವುದು ಹೆಚ್ಚಾಗಿ ಆ ಎತ್ತರವನ್ನೇ ಆದ್ದರಿಂದ ಮಳೆಗಾಲದಲ್ಲಿ ಭದ್ರಾವತಿ ಗೊರಗುಟ್ಟುತ್ತದೆ, ಚಿತ್ರದುರ್ಗ ಸ್ವಚ್ಛವಾಗಿ ಕೇಳುತ್ತದೆ.

‘ಎಫ್‌ಎಂ ಎಂದರೆ ಖಾಸಗಿಯವರ ಸಿನಿಮಾ ಹಾಡು’ ಎಂಬ ನಂಬಿಕೆಗೆ ಇತಿಹಾಸದ ಆಧಾರವೂ ಇಲ್ಲ. ದೇಶದ ಮೊದಲ ಎಫ್‌ಎಂ ಪ್ರಸಾರವನ್ನು 1977ರಲ್ಲಿ ಮದ್ರಾಸಿನಿಂದ ಆರಂಭಿಸಿದ್ದು ಆಕಾಶವಾಣಿಯೇ. ಮೊದಲ ಖಾಸಗಿ ಕೇಂದ್ರ ಬೆಂಗಳೂರಿನಲ್ಲಿ ದನಿಯೆತ್ತಿದ್ದು 2001ರ ಜುಲೈನಲ್ಲಿ. ಸಿನಿಮಾ ಹಾಡಿನ ಮಾತಿಗೆ ಬಂದರೆ, ಕೇಳುಗರು ಶ್ರೀಲಂಕಾದ ರೇಡಿಯೋ ಸಿಲೋನ್‌ನತ್ತ ವಾಲಿದ್ದನ್ನು ಕಂಡ ಆಕಾಶವಾಣಿಯು ವಿವಿಧ ಭಾರತಿಯನ್ನು 1957ರಲ್ಲೇ, ಅಂದರೆ ಎಫ್‌ಎಂ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ, ಆರಂಭಿಸಿತ್ತು. ಖಾಸಗಿ ಕೇಂದ್ರಗಳಲ್ಲಿ ವಾರ್ತೆಯಿಲ್ಲದಿರುವುದು ತರಂಗದ ಗುಣದಿಂದಲ್ಲ, ಪರವಾನಗಿಯ ಷರತ್ತಿನಿಂದ: ಅವು ಸ್ವಂತ ಸುದ್ದಿಯನ್ನು ಬಿತ್ತರಿಸುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದಷ್ಟೆ. ಪರವಾನಗಿಯ ಹರಾಜಿನಲ್ಲಿ ತೆತ್ತ ಹಣ ಜಾಹೀರಾತಿನಿಂದಲೇ ಹಿಂದಿರುಗಬೇಕಾದ್ದರಿಂದ ಹೆಚ್ಚಿನವು ಹಾಡಿಗೇ ಜೋತುಬಿದ್ದಿವೆ. ಇದೇ ಎಫ್‌ಎಂ ತರಂಗಪಟ್ಟಿಯಲ್ಲಿ, 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆದುಕೊಂಡ ಸಮುದಾಯ ಬಾನುಲಿಗಳಿವೆ. ಪುಟ್ಟ ಪ್ರೇಷಕಗಳಿಂದ ಸುತ್ತಲಿನ ಹತ್ತು–ಹದಿನೈದು ಕಿಲೋಮೀಟರಿಗೆ ತಮ್ಮೂರಿನ ಮಾತನ್ನೇ ತಲುಪಿಸುವ ಅವುಗಳನ್ನು ಯಾರೂ ‘ಎಫ್‌ಎಂ’ ಎಂದು ಕರೆಯುವುದಿಲ್ಲ ಎಂಬುದು ವಿಚಿತ್ರ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕತ್ತಲಾದ ಮೇಲೆ ಹಳೆಯ ಸೆಟ್ಟಿನ ಮುಳ್ಳು ತಿರುಗಿಸಿದರೆ ಹಗಲಿನಲ್ಲಿಲ್ಲದ ದೂರದ ಭಾಷೆಗಳು ಕೇಳಿಸುತ್ತವಲ್ಲ, ಅದು ಸೆಟ್ಟಿನ ದೋಷವಲ್ಲ. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ, ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರಗಳಾದ ಅಯಾನುಗೋಳದ ಕೆಳಪದರವು ಸೂರ್ಯ ಮುಳುಗಿದೊಡನೆ ಕರಗುತ್ತದೆ. ಆಗ ತರಂಗಗಳು ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಎಫ್‌ಎಂ ತರಂಗಗಳು ಸಾಮಾನ್ಯವಾಗಿ ಆ ಪದರಗಳನ್ನು ತೂರಿಕೊಂಡು ಹೊರಟುಹೋಗುತ್ತವೆ. ಆದ್ದರಿಂದ ಗುಡ್ಡದ ಮರೆಯಲ್ಲಿ ಹಗಲು ಕೈಕೊಡುವ ಚಿತ್ರದುರ್ಗ, ರಾತ್ರಿಯೂ ಅಲ್ಲಿಯೇ ಕೈಕೊಡುತ್ತದೆ.