ವೇದಿಕೆಯ ಹೆಸರಿಗೆ ಗೆಜೆಟ್ ಬೇಕಿಲ್ಲ

ಹಾಡುವವರೂ ನುಡಿಸುವವರೂ ತಮ್ಮ ವೇದಿಕೆಯ ಹೆಸರನ್ನು ಸರ್ಕಾರಿ ದಾಖಲೆಯಲ್ಲಿ ಖಾಯಂ ಮಾಡಿಸಿಕೊಡಿ ಎಂದು ಕೇಳಿಕೊಂಡು ಮಡಿಕೇರಿಯ ನನ್ನ ಕಚೇರಿಗೆ ಬರುವುದು ಈಚಿನ ವರ್ಷಗಳಲ್ಲಿ ಬಹಳ ಹೆಚ್ಚಾಗಿದೆ. ಹಾಡೊಂದು ಯೂಟ್ಯೂಬಿನಲ್ಲಿ ಚೆನ್ನಾಗಿ ಓಡಿತೆಂದರೆ ಸಾಕು, ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್ ಎಂದು ಎಲ್ಲಕ್ಕೂ ಹಣ ಹೊಂದಿಸಿಕೊಂಡೇ ಬಂದಿರುತ್ತಾರೆ. ಇದಾವುದೂ ಬೇಕಿಲ್ಲ ಎಂದು ನಾನು ಹೇಳಿದರೆ, ಈ ವಕೀಲರಿಗೆ ವಿಷಯ ತಿಳಿದಿಲ್ಲವೇನೋ ಎಂಬ ಭಾವನೆ ಮುಖದಲ್ಲಿ ಕಾಣಿಸುತ್ತದೆ. ಅಲ್ಲಿಂದೆದ್ದು ಬೇರೊಬ್ಬರ ಬಳಿ ಹೋಗಿ ಹೆಸರು ಬದಲಾಯಿಸಿಕೊಂಡು, ವರ್ಷ ಕಳೆದ ಮೇಲೆ ಗಂಟು ಬಿಡಿಸಲು ಮತ್ತೆ ಬಂದವರೂ ಇದ್ದಾರೆ.

ಗಂಟು ಎಂದರೆ ಎಂಥದ್ದು ಎಂಬುದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಬ್ಬ ವ್ಯಕ್ತಿಯ ಹೆಸರು ವೇದಿಕೆಗೆ ಏರುವ ಮೊದಲೇ ನಾಲ್ಕು ರೂಪಗಳಲ್ಲಿ ಇರುತ್ತದೆ. ಕೊಡವರಲ್ಲಿ ಮನೆಹೆಸರು ಮೊದಲು, ನಂತರ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು: ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬುದು ಕೆ.ಎಂ. ಕಾರ್ಯಪ್ಪ ಆದ ರೀತಿಯಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಪ್ಯಾನ್ ಕಾರ್ಡಿನಲ್ಲಿ ಮನೆಹೆಸರು ಪೂರ್ತಿಯಾಗಿ, ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಜಮೀನಿನ) ಪಹಣಿಯಲ್ಲಿ ಅಜ್ಜನ ಕಾಲದ ಕಾಗುಣಿತದಲ್ಲಿ. ಇವುಗಳ ಮೇಲೆ ಹೊಸದಾಗಿ ಗೆಜೆಟ್ ಹೆಸರೊಂದನ್ನು ಹೇರಿದರೆ ಪಾಸ್‌ಪೋರ್ಟು, ಬ್ಯಾಂಕ್ ಖಾತೆ, ಪಹಣಿ, ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಪತ್ರ ಎಲ್ಲವನ್ನೂ ಒಂದೊಂದಾಗಿ ತಿದ್ದಿಸಬೇಕಾಗುತ್ತದೆ. ಅಷ್ಟೆಲ್ಲ ಮಾಡಿದರೂ ಹಾಡಿನ ಮೇಲಿನ ಹಕ್ಕಿಗೆ ಕಿಂಚಿತ್ತೂ ಬಲ ಬರುವುದಿಲ್ಲ, ಏಕೆಂದರೆ ಬಿಡುಗಡೆಯಾದ ಹಾಡಿಗೂ ಗೆಜೆಟ್ಟಿನ ಪುಟಕ್ಕೂ ನಡುವೆ ಯಾವ ಕೊಂಡಿಯೂ ಇಲ್ಲ.

ಬೇಕಾಗಿರುವುದು ಆ ಕೊಂಡಿಯೊಂದೇ. ಹುಟ್ಟುಹೆಸರು ಹಾಗೆಯೇ ಇರಲಿ, ವೇದಿಕೆಯ ಹೆಸರೂ ಇರಲಿ. ಇವೆರಡೂ ಒಬ್ಬರೇ ವ್ಯಕ್ತಿಯವು ಎಂದು ಹೇಳುವ ಒಂದು ಸಾಲು ಪ್ರತಿಯೊಂದು ಕರಾರಿನಲ್ಲಿಯೂ ಪ್ರತಿಯೊಂದು ನೋಂದಣಿಯಲ್ಲಿಯೂ ಇರಬೇಕು. ನಾನು ಬರೆಸುವ ಸಾಲು ಸರಳವಾಗಿದೆ: 'ಪ್ಯಾನ್ ಕಾರ್ಡಿನಲ್ಲಿರುವಂತೆ ಇಂಥವರು, ಇಂಥವರ ಮಗ ಅಥವಾ ಮಗಳು, ಇಂಥ ಊರಿನ ನಿವಾಸಿ, ಸಂಗೀತ ಕ್ಷೇತ್ರದಲ್ಲಿ ಇಂಥ ಹೆಸರಿನಿಂದ ಪರಿಚಿತರಾಗಿರುವವರು.' ಇಷ್ಟನ್ನು ಕರಾರಿನ ಮೊದಲ ಪುಟದಲ್ಲಿ, ಪಕ್ಷಕಾರರನ್ನು ಪರಿಚಯಿಸುವ ಜಾಗದಲ್ಲಿ ಬರೆಸಿ, ಕೊನೆಯಲ್ಲಿ ಬ್ಯಾಂಕಿನಲ್ಲಿರುವ ಸಹಿಯನ್ನೇ ಹಾಕಬೇಕು. 'ಅಲಿಯಾಸ್' ಎಂದು ಬರೆದರೂ ನಡೆಯುತ್ತದೆ, ಆದರೆ ಅದು ಪೊಲೀಸ್ ಸುದ್ದಿಯಲ್ಲಿ ಬರುವ ಪದವೆಂದು ಕಲಾವಿದರು ಮುಖ ಹಿಂಡುವುದರಿಂದ ನಾನು ಅದನ್ನು ಬಳಸುವುದನ್ನು ಬಿಟ್ಟಿದ್ದೇನೆ.

ವಿರಾಜಪೇಟೆ ಕಡೆಯ ಒಬ್ಬ ಗಿಟಾರ್ ವಾದಕ ಇದನ್ನು ಒಪ್ಪದೆ ನನ್ನೊಡನೆ ಬಹಳ ಹೊತ್ತು ವಾದಿಸಿದ. ರೆಜಿನಾಲ್ಡ್ ಡ್ವೈಟ್ 1972ರಲ್ಲಿ ಕಾನೂನುಬದ್ಧವಾಗಿಯೇ ಎಲ್ಟನ್ ಜಾನ್ ಆದರಲ್ಲ, ರಾಬರ್ಟ್ ಝಿಮ್ಮರ್‌ಮನ್ 1962ರಲ್ಲಿ ನ್ಯಾಯಾಲಯದ ಮೂಲಕ ಬಾಬ್ ಡಿಲನ್ ಆದರಲ್ಲ ಎಂದು ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅದು ಅವರ ಇಷ್ಟ, ಅವರ ದೇಶದ ಪದ್ಧತಿ. ಹಾಗೆ ಮಾಡದಿದ್ದರೆ ಅವರ ಹಾಡು ಅವರದ್ದಾಗುತ್ತಿರಲಿಲ್ಲ ಎಂದು ಇದರ ಅರ್ಥವಲ್ಲ. ಡೇವಿಡ್ ಬೋವಿ ಎಂದು ಜಗತ್ತು ಬಲ್ಲ ಗಾಯಕ ಕೊನೆಯವರೆಗೂ ಕಾಗದದಲ್ಲಿ ಡೇವಿಡ್ ರಾಬರ್ಟ್ ಜೋನ್ಸ್ ಆಗಿಯೇ ಉಳಿದರು. 2016ರಲ್ಲಿ ಅವರು ತೀರಿಕೊಂಡಾಗ ವಿಲ್ ಇದ್ದದ್ದು ಆ ಹೆಸರಿನಲ್ಲಿಯೇ, ಚಿತ್ರ ನಿರ್ದೇಶಕನಾಗಿರುವ ಅವರ ಮಗ ಇಂದಿಗೂ ಜೋನ್ಸ್. ನಮ್ಮವರನ್ನೇ ತೆಗೆದುಕೊಳ್ಳೋಣ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠರಿಗೆ ಕುಮಾರ ಗಂಧರ್ವ ಎಂಬ ಬಿರುದು ಬಾಲ್ಯದಲ್ಲಿಯೇ ಅಂಟಿತು, ದೇಶವೆಲ್ಲ ಅವರನ್ನು ಅದೇ ಹೆಸರಿನಿಂದ ಕೇಳಿತು. ಆದರೆ ಹಾಡುಗಾರರೇ ಆದ ಅವರ ಮಗ ಮುಕುಲ್ ಶಿವಪುತ್ರ, ಮಗಳು ಕಲಾಪಿನಿ ಕೊಂಕಾಳಿ. ಬಿರುದು ಲೋಕಕ್ಕೆ, ಹೆಸರು ಮನೆಗೆ. ಭೀಮಸೇನ ಜೋಶಿಯವರ ಗುರು ಸವಾಯಿ ಗಂಧರ್ವರು ಕುಂದಗೋಳದ ರಾಮಚಂದ್ರರಾಯರು. ಕಿಶೋರ್ ಕುಮಾರ್ ಖಂಡ್ವಾದ ಆಭಾಸ್ ಕುಮಾರ್ ಗಂಗೂಲಿ. ನಮ್ಮ ಹಂಸಲೇಖ ಅವರು ಗಂಗರಾಜು. ಎರಡು ಹೆಸರಿನ ಬದುಕು ಈ ನಾಡಿಗೆ ಹೊಸದಲ್ಲ. ಶ್ರೀನಿವಾಸ ನಾಯಕರು ಪುರಂದರದಾಸರಾದ ಕಾಲದಿಂದಲೂ ಅದು ನಡೆದು ಬಂದಿದೆ, ಅಂಕಿತವೆಂಬ ವ್ಯವಸ್ಥೆ ಈ ಪದ ಯಾರದ್ದೆಂದು ಹಾಡಿನೊಳಗೇ ಗುರುತಿಟ್ಟು ಕಾಯ್ದುಕೊಂಡಿತು.

ಇನ್ನು ಎದುರು ದಿಕ್ಕಿನ ತಪ್ಪು. ಗೆಜೆಟ್ ಮಾಡಿಸಲು ಓಡುವವರಿಗಿಂತ ಹೆಚ್ಚು ನಷ್ಟ ಅನುಭವಿಸುವವರು ಹುಟ್ಟುಹೆಸರನ್ನು ಎಲ್ಲಿಯೂ ಬರೆಯದೆ ವೇದಿಕೆಯ ಹೆಸರೊಂದನ್ನೇ ನೆಚ್ಚಿಕೊಂಡವರು. ದಕ್ಷಿಣ ಕೊಡಗಿನಲ್ಲಿ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತ, ಕ್ಯಾಸೆಟ್ ಕಾಲದಲ್ಲಿ ಸ್ವಂತ ರಚನೆಗಳನ್ನೂ ಹೊರತಂದಿದ್ದ ಗಾಯಕರೊಬ್ಬರು ತೀರಿಕೊಂಡ ಮೇಲೆ ಅವರ ಪತ್ನಿ ನನ್ನ ಬಳಿ ಒಂದು ಪ್ಲಾಸ್ಟಿಕ್ ಫೈಲ್ ತಂದರು. ಅದರಲ್ಲಿ ಕ್ಯಾಸೆಟ್ಟಿನ ಒಳಕಾಗದ ಇತ್ತು, ಕೆಂಪು ಅಕ್ಷರದಲ್ಲಿ ವೇದಿಕೆಯ ಹೆಸರು ಮಾತ್ರ, ಭಾವಚಿತ್ರದ ಬದಲು ಜಲಪಾತದ ಚಿತ್ರ. ಅರ್ಧ ಹಾಳೆಯ ಒಂದು ಒಪ್ಪಂದ ಇತ್ತು, ಅದರ ಕೆಳಗೆ ಅದೇ ವೇದಿಕೆಯ ಹೆಸರಿನ ಸಹಿ. ಮರಣ ಪ್ರಮಾಣಪತ್ರದಲ್ಲಿ ಮನೆಹೆಸರು ಸಹಿತ ಪೂರ್ತಿ ಹುಟ್ಟುಹೆಸರು. ಈ ಎರಡು ಗುಂಪಿನ ಕಾಗದಗಳ ನಡುವೆ ಒಂದು ಅಕ್ಷರವೂ ಸಾಮಾನ್ಯವಾಗಿರಲಿಲ್ಲ. ಹಾಡುಗಳನ್ನು ಈಗ ಅಂತರ್ಜಾಲದಲ್ಲಿ ಬಿಟ್ಟಿದ್ದ ಸಂಸ್ಥೆಯವರು ಅಪ್ರಾಮಾಣಿಕರಾಗಿರಲಿಲ್ಲ. ನಿಮ್ಮ ಯಜಮಾನರೇ ಈ ಗಾಯಕರೆಂದು ತೋರಿಸಿ, ಮುಂದಿನ ಮಾತು ಆಮೇಲೆ ಎಂದಿದ್ದರು. ಊರೆಲ್ಲ ಬಲ್ಲ ಸತ್ಯಕ್ಕೆ ಕಾಗದದ ಸಾಕ್ಷಿ ಇರಲಿಲ್ಲ. ಕೊನೆಗೆ ಹಳೆಯ ದಸರಾ ಕಾರ್ಯಕ್ರಮವೊಂದರ ಸಂಭಾವನೆಯ ಪತ್ರದಲ್ಲಿ ಯಾರೋ ಪುಣ್ಯಾತ್ಮರು ಎರಡೂ ಹೆಸರನ್ನು ಅಕ್ಕಪಕ್ಕದಲ್ಲಿ ಬರೆದಿದ್ದು ಸಿಕ್ಕಿತು. ಆ ಪತ್ರವನ್ನೂ ಜೊತೆಯಲ್ಲಿ ನುಡಿಸಿದವರ ಅಫಿಡವಿಟ್‌ಗಳನ್ನೂ ಇಟ್ಟು ಮಾತುಕತೆ ಮುಂದುವರಿಸಲು ಸಾಧ್ಯವಾಯಿತು. ಆ ತಾಯಿ ಫೈಲಿನಲ್ಲಿ ಆ ಪತ್ರವನ್ನು ಇಟ್ಟುಕೊಂಡಿದ್ದದ್ದು ಕಾನೂನಿನ ಕಾರಣಕ್ಕಲ್ಲ, ಅದರ ಮೂಲೆಯಲ್ಲಿ ಗಂಡನ ಕೈಬರಹ ಇತ್ತೆಂಬ ಕಾರಣಕ್ಕೆ.

ವೇದಿಕೆಯ ಹೆಸರಿನಲ್ಲಿ ಸಹಿ ಹಾಕಿದರೆ ಕರಾರೇ ಅಸಿಂಧು ಎಂದು ಹೆದರಿಸುವವರಿದ್ದಾರೆ, ಅದನ್ನು ನಂಬಬೇಡಿ. ಸಾಮಾನ್ಯವಾಗಿ ಕರಾರು ವ್ಯಕ್ತಿಯನ್ನು ಕಟ್ಟುತ್ತದೆ. ಬರೆದ ಹೆಸರು ಯಾವುದೆಂಬುದು ರುಜುವಾತಿನ ಪ್ರಶ್ನೆ. ಕೃತಿಯ ಪ್ರತಿಗಳ ಮೇಲೆ ಕರ್ತೃವಿನದೆಂದು ಮುದ್ರಿತವಾದ ಹೆಸರಿನವರೇ ಕರ್ತೃ ಎಂದು, ಬೇರೆ ರೀತಿ ಸಾಬೀತಾಗುವವರೆಗೆ, ಭಾವಿಸಬೇಕೆಂದು 1957ರ ಕೃತಿಸ್ವಾಮ್ಯ ಕಾಯಿದೆ ಹೇಳುತ್ತದೆ. ಆದರೆ ಆ ಹೆಸರಿನ ಹಿಂದಿರುವವರು ನೀವೇ ಎಂಬುದನ್ನು ಕಾಯಿದೆ ನಿಮ್ಮ ಪರವಾಗಿ ತೋರಿಸಿಕೊಡುವುದಿಲ್ಲ.

ಇದಕ್ಕಿಂತ ಮುಖ್ಯವಾದ, ನಾನು ಪ್ರತಿ ಬಾರಿಯೂ ಎರಡೆರಡು ಸಲ ವಿವರಿಸುವ ಸಂಗತಿಯೊಂದು ಅದೇ ಕಾಯಿದೆಯಲ್ಲಿದೆ. ಸ್ವಂತ ಹೆಸರಿನಲ್ಲಿ ಪ್ರಕಟವಾದ ಸಂಗೀತ ಅಥವಾ ಸಾಹಿತ್ಯ ಕೃತಿಗೆ ಕರ್ತೃವಿನ ಜೀವಮಾನ ಮತ್ತು ನಂತರದ 60 ವರ್ಷ ರಕ್ಷಣೆ ಇದೆ. ಕಲ್ಪಿತ ಹೆಸರಿನಲ್ಲಿ ಪ್ರಕಟವಾಗಿ, ಹಿಂದಿರುವ ವ್ಯಕ್ತಿ ಯಾರೆಂದು ಎಂದೂ ಪ್ರಕಟವಾಗದಿದ್ದರೆ, ಸೆಕ್ಷನ್ 23ರ ಪ್ರಕಾರ ರಕ್ಷಣೆ ಕೃತಿ ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. ಲೆಕ್ಕ ಹಾಕಿ ನೋಡಿ. 25ರ ಹುಡುಗಿಯೊಬ್ಬಳು 2024ರಲ್ಲಿ ಸ್ವಂತ ಹಾಡೊಂದನ್ನು ಬಿಡುಗಡೆ ಮಾಡಿ, 2079ರವರೆಗೆ ತುಂಬು ಬಾಳು ಬಾಳಿದಳೆನ್ನೋಣ. ಅವಳ ಗುರುತು ದಾಖಲೆಯಲ್ಲಿದ್ದರೆ ಆ ಹಾಡು 2139ರ ಕೊನೆಯವರೆಗೆ ಅವಳ ಮಕ್ಕಳು ಮೊಮ್ಮಕ್ಕಳದ್ದು. ಗುರುತು ಇಲ್ಲದಿದ್ದರೆ 2084ರ ಕೊನೆಗೇ ಮುಗಿಯಿತು. ನಡುವಿನ 55 ವರ್ಷ ಬರೆಯದೆ ಬಿಟ್ಟ ಒಂದು ಸಾಲಿನ ಬೆಲೆ. ಗುರುತನ್ನು ಕರ್ತೃ ಮತ್ತು ಪ್ರಕಾಶಕರು ಇಬ್ಬರೂ ಬಹಿರಂಗಪಡಿಸಬೇಕು, ಇಲ್ಲವೇ ಕರ್ತೃವೇ ಕಾಯಿದೆ ಹೇಳಿದ ಪ್ರಾಧಿಕಾರದ ಮುಂದೆ ಸ್ಥಾಪಿಸಬೇಕು ಎಂಬ ಷರತ್ತು ಇರುವುದರಿಂದ, ಕರ್ತೃ ಬದುಕಿರುವಾಗಲೇ ಇದನ್ನು ಮಾಡಿ ಮುಗಿಸುವುದು ಕ್ಷೇಮ. ಎಷ್ಟು ಪ್ರಚಾರವಾದರೆ ಬಹಿರಂಗವಾದಂತೆ ಎಂಬುದು ಆಯಾ ಪ್ರಕರಣದ ಸಂಗತಿಗಳ ಮೇಲೆ ನಿಲ್ಲುವ ವಿಷಯ, ದಾಖಲೆ ನೋಡದೆ ನಾನಾಗಲಿ ಬೇರೆ ವಕೀಲರಾಗಲಿ ಖಚಿತವಾಗಿ ಹೇಳಲು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ, ಸಂಗೀತದ್ದಲ್ಲದಿದ್ದರೂ. ಭಾರತೀಸುತ ಎಂದು ಕನ್ನಡ ಓದುಗರೆಲ್ಲ ಬಲ್ಲ ಕಾದಂಬರಿಕಾರರು ಎಸ್.ಆರ್. ನಾರಾಯಣರಾಯರು ಎಂಬುದು ಮೊದಲಿನಿಂದಲೂ ಬಹಿರಂಗ. ಅವರು ನಿಧನರಾದದ್ದು 1976ರಲ್ಲಿ, ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ರಕ್ಷಣೆ 2036ರ ಕೊನೆಯವರೆಗೆ ಎಂದು ಯಾರೂ ಕಾವ್ಯನಾಮದ ತಕರಾರಿಲ್ಲದೆ ಹೇಳಬಹುದು.

ನೋಂದಣಿಯ ಕಡೆಗೆ ಬಂದರೆ, ಅಲ್ಲಿ ಎರಡು ಹೆಸರಿನವರಿಗಾಗಿಯೇ ವ್ಯವಸ್ಥೆ ಇದೆ, ಬಳಸಿಕೊಳ್ಳುವವರು ಕಡಿಮೆ. ಗೀತರಚನಕಾರರು ಮತ್ತು ಸ್ವರಸಂಯೋಜಕರ ರಾಯಧನವನ್ನು ಸಂಗ್ರಹಿಸುವ, 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾದಾಗ ಜಗತ್ತಿನ ಇಂಥ ಸಂಸ್ಥೆಗಳೆಲ್ಲ ಗುರುತಿಸುವ ಐಪಿಐ ಸಂಖ್ಯೆ ಸಿಗುತ್ತದೆ. ಒಬ್ಬ ವ್ಯಕ್ತಿಗೆ ಮೂಲಸಂಖ್ಯೆ ಒಂದೇ. ಅದರ ಅಡಿಯಲ್ಲಿ ಹುಟ್ಟುಹೆಸರಿಗೊಂದು, ವೇದಿಕೆಯ ಹೆಸರಿಗೊಂದು ಹೆಸರು-ಸಂಖ್ಯೆ ಇರಬಹುದು. ಅಂದರೆ ನಿಮ್ಮ ಹಾಡು ಯಾವ ಹೆಸರಿನಲ್ಲಿ ಮೊಳಗಿದರೂ ಹಣ ಒಂದೇ ಖಾತೆಗೆ ಬರುವಂತೆ ಮಾಡುವ ಕೆಲಸ ಆಗಲೇ ಸಿದ್ಧವಾಗಿದೆ. ಅರ್ಜಿಯಲ್ಲಿ ವೇದಿಕೆಯ ಹೆಸರಿಗೆ ಇರುವ ಜಾಗವನ್ನು ಖಾಲಿ ಬಿಡದೆ ತುಂಬಬೇಕು, ಅಷ್ಟೇ. ಕೇವಲ ಹಾಡುವವರ ಹಕ್ಕು ಬೇರೆ, ಅವರ ಸಂಸ್ಥೆಯೂ ಬೇರೆ. ಅಲ್ಲಿಯೂ ಇದೇ ಮಾತು.

ಹೆಸರಿನ ಮೇಲೆ ಕಾಪಿರೈಟ್ ಕೊಡಿಸಿ ಎಂಬ ಬೇಡಿಕೆಯೂ ಬರುತ್ತದೆ. ಬರಿಯ ಹೆಸರಿಗೆ ಕೃತಿಸ್ವಾಮ್ಯ ಇಲ್ಲ, ಬೇಕಿದ್ದರೆ ಟ್ರೇಡ್‌ಮಾರ್ಕಿನ 41ನೇ ವರ್ಗದಲ್ಲಿ (ಮನರಂಜನೆಯ ಸೇವೆಗಳ ವರ್ಗ) ಅರ್ಜಿ ಹಾಕಬಹುದು. ಆದರೆ ಕೊಡಗಿನಲ್ಲಿ ತಂಡ ಕಟ್ಟಿದವರಿಗೆಲ್ಲ ಮೊದಲು ಹೊಳೆಯುವ ಹೆಸರು ಕಾವೇರಿ, ಎರಡನೆಯದು ನಮ್ಮ ದೇವರು ಇಗ್ಗುತ್ತಪ್ಪ. ಭಕ್ತಿ ಅರ್ಥವಾಗುತ್ತದೆ, ಆದರೆ ಎಲ್ಲರಿಗೂ ಸೇರಿದ ಹೆಸರನ್ನು ತನ್ನೊಬ್ಬನದೆಂದು ಸಾಧಿಸುವುದು ಕಷ್ಟ. ಸ್ಟಿಂಗ್ ಎಂದು ವಿಶ್ವವಿಖ್ಯಾತರಾದ ಗಾಯಕ ಗಾರ್ಡನ್ ಸಮ್ನರ್ ಕೂಡ ಆ ಹೆಸರಿನ ಅಂತರ್ಜಾಲ ವಿಳಾಸಕ್ಕಾಗಿ 2000ದಲ್ಲಿ ದೂರು ಕೊಟ್ಟು, ಅದು ಇಂಗ್ಲಿಷಿನ ಸಾಮಾನ್ಯ ಪದವಾಗಿದ್ದರಿಂದ ಸೋತರು. ಇನ್ನೊಂದು ಬದಿಯಲ್ಲಿ, ಪ್ರಿನ್ಸ್ ಎಂಬುದು ಅಮೆರಿಕದ ಆ ಗಾಯಕನ ಹುಟ್ಟುಹೆಸರೇ ಆಗಿದ್ದರೂ ಧ್ವನಿಮುದ್ರಣ ಕಂಪನಿಯೊಡನೆ ಕರಾರಿನ ಜಗಳ ಹತ್ತಿ, 1993ರಲ್ಲಿ ಅವರು ಹೆಸರನ್ನೇ ಬಿಟ್ಟು ಉಚ್ಚರಿಸಲಾಗದ ಒಂದು ಚಿಹ್ನೆಯನ್ನು ಹಿಡಿದರು, 2000ದಲ್ಲಿ ಒಪ್ಪಂದದ ಅವಧಿ ತೀರಿದ ಮೇಲೆ ಮರಳಿ ಪ್ರಿನ್ಸ್ ಆದರು. ಕರಾರಿನಲ್ಲಿ ವೇದಿಕೆಯ ಹೆಸರು ಯಾರ ಸ್ವತ್ತು, ಒಪ್ಪಂದ ಮುಗಿದ ಮೇಲೆ ಯಾರು ಬಳಸಬಹುದು ಎಂಬ ಷರತ್ತನ್ನು ಸಹಿಗೆ ಮೊದಲು ಓದಿಸಿಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮದುವೆಯಾದ ಮೇಲೆ ಗಂಡನ ಒಕ್ಕದ (ಮನೆತನದ) ಹೆಸರು ಬರುತ್ತದೆ, ಅದಕ್ಕೆ ಮೊದಲು ಹಾಡಿದ ಹಾಡುಗಳೆಲ್ಲ ತಾಮನೆಯ, ಅಂದರೆ ತವರಿನ, ಹೆಸರಿನಲ್ಲಿ ಉಳಿದಿರುತ್ತವೆ. ವೇದಿಕೆಯ ಹೆಸರೂ ಸೇರಿ ಮೂರಾಯಿತು. ನಮ್ಮಲ್ಲಿ ಲೇಖಕಿಯರು ಪುಸ್ತಕದಲ್ಲಿ ಆವರಣದೊಳಗೆ ತಾಮನೆಯನ್ನು ನಮೂದಿಸುವ ಒಳ್ಳೆಯ ರೂಢಿ ಇದೆ. ಹಾಡುವವರು ಯಾಕೋ ಅದನ್ನು ಪಾಲಿಸುವುದಿಲ್ಲ. ಅವರ ಕರಾರಿನಲ್ಲಿ ಮೂರೂ ಹೆಸರು ಬರಬೇಕು, ಮದುವೆ ನೋಂದಣಿಯ ಪ್ರತಿ ಲಗತ್ತಾಗಬೇಕು, ಹಳೆಯ ಹಾಡುಗಳ ಪಟ್ಟಿಯನ್ನು ಅನುಬಂಧವಾಗಿ ಸೇರಿಸಬೇಕು. ಈಗಾಗಲೇ ಹಾಡುಗಳು ಹೊರಬಂದಿದ್ದರೂ ತಡವಾಗಿಲ್ಲ: ಬಿಡುಗಡೆ ಮಾಡಿದವರಿಂದ ಎರಡೂ ಹೆಸರು ನಮೂದಿಸಿದ ಒಂದು ದೃಢೀಕರಣ ಪತ್ರವನ್ನು, ಅವರು ಆ ಸಂಸ್ಥೆಯಲ್ಲಿ ಇರುವಾಗಲೇ, ಸಹಿ ಮತ್ತು ಮೊಹರಿನೊಂದಿಗೆ ಪಡೆದುಕೊಂಡು ನನ್ನ ಬಳಿಗಾಗಲಿ ನಿಮ್ಮ ಊರಿನ ವಕೀಲರ ಬಳಿಗಾಗಲಿ ತನ್ನಿ.