ಒಲೆಯ ಲೆಕ್ಕದಲ್ಲಿ ಅಜ್ಜಿಯ ಪಾಲು

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಮನೆಯವರನ್ನು ‘ತಿಂಗಳಿಗೆ ನಿಮ್ಮ ಆದಾಯ ಎಷ್ಟು?’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಅವರು ಮುಚ್ಚಿಡುತ್ತಾರೆಂದಲ್ಲ, ಅವರಿಗೇ ಅದು ತಿಳಿದಿರುವುದಿಲ್ಲ. ಸಾಲ ಮಾಡಿ ಭತ್ತ ತಂದು, ನೆನೆಸಿ, ಹುರಿದು, ಕಾದ ಮರಳಿನಲ್ಲಿ ಅರಳಿಸಿ, ಚೀಲ ತುಂಬಿ ಮಾರಿದ ಹಣದಲ್ಲಿ ಉರುವಲಿಗೆ ಹೋದದ್ದೆಷ್ಟು, ಬಡ್ಡಿಗೆ ಹೋದದ್ದೆಷ್ಟು, ಮನೆಯ ಹೆಂಗಸರು ಕೂಲಿಯಿಲ್ಲದೆ ದುಡಿದದ್ದೆಷ್ಟು ಎಂದು ಯಾರೂ ಬಿಡಿಸಿ ಬರೆದಿಟ್ಟಿರುವುದಿಲ್ಲ. ಅದೇ ಮನೆಯಲ್ಲಿ ‘ಕಳೆದ ಏಳು ದಿನದಲ್ಲಿ ಎಷ್ಟು ಎಣ್ಣೆ ಖರ್ಚಾಯಿತು?’ ಎಂದು ಕೇಳಿದರೆ, ಸೊಸೆ ಅಡುಗೆಮನೆಯ ಕಡೆಗೊಮ್ಮೆ ನೋಡಿ ಲೆಕ್ಕ ಹೇಳಿಬಿಡುತ್ತಾಳೆ.

ನಮ್ಮ ದೇಶದ ಸಮೀಕ್ಷೆಗಳು ಈ ಪಾಠವನ್ನು ಬೇಗನೆ ಕಲಿತವು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಆದಾಯವನ್ನು ನೇರವಾಗಿ ಕೇಳಿ ನೋಡಿತು. ಆದರೆ ಜನ ಹೇಳಿದ ಆದಾಯವು ಅವರ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂದದ್ದರಿಂದ ಆ ಪ್ರಯತ್ನ ಅಲ್ಲಿಗೇ ನಿಂತಿತು. ಅಂದಿನಿಂದ ಬದುಕಿನ ಮಟ್ಟವನ್ನು ಅಳೆಯಲು ಮುಖ್ಯವಾಗಿ ಬಳಕೆಯಾಗುತ್ತಿರುವುದು ಖರ್ಚಿನ ಲೆಕ್ಕ. ಎಣ್ಣೆ, ತರಕಾರಿ, ಮೊಟ್ಟೆಗೆ ಏಳು ದಿನ, ಅಕ್ಕಿ, ಬೇಳೆಗೆ ಮೂವತ್ತು ದಿನ, ಬಟ್ಟೆ, ಪಾತ್ರೆ, ಆಸ್ಪತ್ರೆಯ ದಾಖಲಾತಿಗೆ ಒಂದು ವರ್ಷ ಎಂದು ನೆನಪಿನ ಅವಧಿಯನ್ನು ವಸ್ತುವಿಗೆ ತಕ್ಕಂತೆ ಬದಲಿಸಿ ಕೇಳುತ್ತಾರೆ. 2023–24ರ ಸಮೀಕ್ಷೆಯಲ್ಲಿ 2.61 ಲಕ್ಷಕ್ಕೂ ಹೆಚ್ಚು ಮನೆಗಳಿಂದ ಹೀಗೆ ಸಿಕ್ಕ ಲೆಕ್ಕದ ಪ್ರಕಾರ ದೇಶದ ಹಳ್ಳಿಗಳಲ್ಲಿ ತಲಾ ಮಾಸಿಕ ಖರ್ಚು ಸರಾಸರಿ 4,122 ರೂಪಾಯಿ, ಪಟ್ಟಣಗಳಲ್ಲಿ 6,996 ರೂಪಾಯಿ.

ಈ ‘ತಲಾ’ ಎಂಬ ಮಾತಿನಲ್ಲಿಯೇ ವಯಸ್ಸಾದವರು ಮರೆಯಾಗುತ್ತಾರೆ. ಸಮೀಕ್ಷೆಯ ಭಾಷೆಯಲ್ಲಿ ಮನೆಯೆಂದರೆ ಒಟ್ಟಿಗೆ ವಾಸಿಸಿ ಒಂದೇ ಅಡುಗೆಯಲ್ಲಿ ಉಣ್ಣುವವರ ಗುಂಪು. ಒಲೆ ಬೇರೆಯಾದರೆ ಮನೆ ಬೇರೆ ಎನ್ನುವ ನಮ್ಮ ಹಳ್ಳಿಗರ ಮಾತೂ ಇದನ್ನೇ ಹೇಳುತ್ತದೆ. ಒಲೆಯ ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸಿದಾಗ ದುಡಿಯುವ ಮಗನಿಗೂ ಮೂಲೆಯಲ್ಲಿ ಮಲಗಿರುವ ತಾಯಿಗೂ ಒಂದೇ ಮೊತ್ತ ಬರುತ್ತದೆ. ಹಾಲು ಯಾರ ಲೋಟಕ್ಕೆ ಬಿತ್ತು, ರಕ್ತದೊತ್ತಡದ ಮಾತ್ರೆ ತಿಂಗಳಿಡೀ ಸಾಕಾಯಿತೋ ಇಪ್ಪತ್ತನೆಯ ದಿನಕ್ಕೇ ಮುಗಿಯಿತೋ, ಈ ಸಂಗತಿಗಳು ಸರಾಸರಿಯಲ್ಲಿ ಕಾಣುವುದಿಲ್ಲ. ಇದು ಸಣ್ಣ ಕೊರತೆಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ವೃದ್ಧಾಪ್ಯದ ಬಡತನವು ಎಷ್ಟೋ ಸಲ ಬಡವಲ್ಲದ ಮನೆಯೊಳಗೇ ಇರುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ಅಣ್ಣತಮ್ಮಂದಿರು ಪಾಲಾದ ಮೇಲೆ ತಾಯಿ ಪಾಳಿಯ ಪ್ರಕಾರ ಈ ಮಗನ ಮನೆಯಲ್ಲಿ ಎರಡು ತಿಂಗಳು, ಆ ಮಗನ ಮನೆಯಲ್ಲಿ ಎರಡು ತಿಂಗಳು ಇರುತ್ತಾಳೆ. ಗಣತಿದಾರರು ಬಂದ ದಿನ ಆಕೆ ಯಾವ ಒಲೆಯವಳು? ಸಾಮಾನ್ಯವಾಗಿ ಎಲ್ಲಿರುತ್ತಾರೆ ಎಂಬುದನ್ನು ಕೇಳಿ ಸದಸ್ಯರನ್ನು ಗುರುತಿಸುವ ನಿಯಮವಿದೆ, ಆದರೆ ಪಾಳಿಯ ಬದುಕಿಗೆ ‘ಸಾಮಾನ್ಯವಾಗಿ’ ಎಂಬ ಪದವೇ ಹೊಂದುವುದಿಲ್ಲ. ಇಬ್ಬರು ಮಕ್ಕಳೂ ‘ಅವ್ವ ಅವನ ಮನ್ಯಾಗ ಅದಾಳೆ’ ಎಂದುಬಿಟ್ಟರೆ ಆಕೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ಪಿಂಚಣಿಯ ವಿಷಯ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಆರಂಭವಾದಾಗ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಅದು 60ರಿಂದ 79ರ ವಯಸ್ಸಿನವರಿಗೆ 200 ಮತ್ತು 80 ದಾಟಿದವರಿಗೆ 500ಕ್ಕೆ ಏರಿ ಅಲ್ಲೇ ನಿಂತಿದೆ. ಕರ್ನಾಟಕವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಅರ್ಹರಿಗೆ ಸಿಗುವುದು 1,200 ರೂಪಾಯಿ. ಗಿರಣಿ ಕಾರ್ಮಿಕರಂಥ ಸಂಘಟಿತ ವಲಯದವರಿಗಾಗಿ ಇರುವ 1995ರ ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಈ ಸಂಖ್ಯೆಯನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ.

ಇಲ್ಲಿ ವಯಸ್ಸೇ ಹಣವನ್ನು ನಿರ್ಧರಿಸುತ್ತದೆ, ಆದರೆ ಜನನ ದಾಖಲೆಯಿಲ್ಲದ ತಲೆಮಾರಿನವರು ಅರವತ್ತು, ಎಪ್ಪತ್ತು, ಎಂಬತ್ತು ಎಂದು ದುಂಡಗಿನ ಸಂಖ್ಯೆ ಹೇಳುತ್ತಾರೆ. ಅದಕ್ಕೆಂದೇ ಅನುಭವಿ ಗಣತಿದಾರರು ಊರಿನ ಘಟನೆಗಳನ್ನು ಹಿಡಿದು ವಯಸ್ಸನ್ನು ಅಂದಾಜಿಸುತ್ತಾರೆ. ಮಾರಿಕಣಿವೆ ಎಂದೂ ಕರೆಯುವ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ‘ಮಾರಿಕಣಿವೆ ಕೋಡಿ ಬಿದ್ದಾಗ ಹುಟ್ಟಿದವಳಂತೆ’ ಎನ್ನುವ ಅಜ್ಜಿಗೆ ಆ ವರ್ಷ 89 ತುಂಬಿತ್ತು, ಕಾರ್ಡಿನಲ್ಲಿ ಏನೇ ಬರೆದಿರಲಿ.

ಒಮ್ಮೆ ಮಾತ್ರ ಬಂದು ಹೋಗುವ ಸಮೀಕ್ಷೆ ಮತ್ತೊಂದು ಬಗೆಯಲ್ಲಿಯೂ ದಾರಿ ತಪ್ಪಿಸಬಲ್ಲದು. ಎಂಬತ್ತು ದಾಟಿದವರು ಎಪ್ಪತ್ತರವರಿಗಿಂತ ಅನುಕೂಲಸ್ಥರಾಗಿ ಕಂಡರೆ, ವಯಸ್ಸಾದಂತೆ ಬದುಕು ಸುಧಾರಿಸುತ್ತದೆ ಎಂದು ಅರ್ಥವಲ್ಲ. ಬಡವರು ಮೊದಲೇ ತೀರಿಕೊಂಡು ಉಳ್ಳವರು ಉಳಿದಿರಬಹುದು. ಇದನ್ನು ಬೇರ್ಪಡಿಸಲು ಅದೇ ವ್ಯಕ್ತಿಗಳನ್ನು ವರ್ಷಗಳ ನಂತರ ಮತ್ತೆ ಹುಡುಕಿ ಮಾತನಾಡಿಸಬೇಕು. 2017–18ರಲ್ಲಿ 45 ದಾಟಿದ ಸುಮಾರು 72,000 ಜನರನ್ನು ಸಂದರ್ಶಿಸಿದ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನವನ್ನು ರೂಪಿಸಿರುವುದು ಈ ಉದ್ದೇಶಕ್ಕೆ.

ಪಿಂಚಣಿ ಯಾರ ಕೈಗೆ ಬಂತು ಎಂಬ ಒಂದೇ ಪ್ರಶ್ನೆ ಎಷ್ಟನ್ನು ತೆರೆದು ತೋರಿಸಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಉದಾಹರಣೆಯಿದೆ. ಅಲ್ಲಿನ 1993ರ ಮನೆ ಸಮೀಕ್ಷೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ, ಅಜ್ಜಿಗೆ ಪಿಂಚಣಿ ಬರುವ ಮನೆಗಳಲ್ಲಿ ಮೊಮ್ಮಗಳ ಎತ್ತರಕ್ಕೆ ತಕ್ಕ ತೂಕ ಸುಧಾರಿಸಿದ್ದನ್ನೂ, ಅಜ್ಜನಿಗೆ ಬಂದಲ್ಲಿ ಅಂಥ ಪರಿಣಾಮ ಕಾಣದಿದ್ದುದನ್ನೂ ಕಂಡರು. ಒಲೆ ಒಂದೇ ಆದರೂ ಹಣದ ಕೈ ಬೇರೆಯಾದರೆ ತಟ್ಟೆಯಲ್ಲಿ ಬೀಳುವುದೂ ಬೇರೆಯಾಗುತ್ತದೆ.

ನಮ್ಮಲ್ಲಿಯೂ ಆದಾಯವನ್ನೇ ಕೇಳುವ ರಾಷ್ಟ್ರವ್ಯಾಪಿ ಸಮೀಕ್ಷೆಗೆಂದು 2025ರಲ್ಲಿ ತಜ್ಞರ ಸಮಿತಿ ರಚನೆಯಾಯಿತು. ಭಟ್ಟಿಯ ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿಯನ್ನು ‘ನಿಮಗೇನಾದರೂ ಆದಾಯ ಉಂಟೆ?’ ಎಂದು ಕೇಳಿದರೆ, ‘ನಂಗೆಲ್ಲಿ ಆದಾಯ ಬಂತವ್ವ’ ಎಂದೇ ಆಕೆ ಹೇಳುವಳು. ಪಿಂಚಣಿ ಬರುತ್ತದೆಯೇ, ಬ್ಯಾಂಕಿನಿಂದ ಬಿಡಿಸಿ ತರುವವರು ಯಾರು, ಅದರಲ್ಲಿ ನಿಮ್ಮ ಸೆರಗಿನ ಗಂಟಿಗೆ ಎಷ್ಟು ಉಳಿಯಿತು ಎಂದು ಬಿಡಿಬಿಡಿಯಾಗಿ, ಮಗ ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ, ಕೇಳಬೇಕು.